ಹೊಸ ಇಟಾಲಿಯನ್ ರೆಸ್ಟೋರೆಂಟ್: ನೆರೆಹೊರೆಯವರ ದೂರುಗಳನ್ನು ಮೇಜಿನ ಮೇಲಿಟ್ಟು ನೋಡಿದಾಗ

ಬಡಾವಣೆಯಲ್ಲಿ ಹೊಸದಾಗಿ ಇಟಾಲಿಯನ್ ರೆಸ್ಟೋರೆಂಟ್ ತೆರೆದ ಮೇಲೆ ಮೊದಲ ಕೆಲವು ವಾರ ಕಿವಿಗೆ ಬಿದ್ದ ಮಾತುಗಳು ಹೆಚ್ಚುಕಡಿಮೆ ಒಂದೇ ಥರ. ಪಾಸ್ತಾ ಬೆಂದಿರಲಿಲ್ಲ. ಪಿಜ್ಜಾ ಸೀದಿತ್ತು, ನಡುವೆ ಹಸಿ. ಅಕ್ಕಿಯ ತಿನಿಸು ರಿಸೊಟ್ಟೊ ಬರುವಷ್ಟರಲ್ಲಿ ಹಸಿವೇ ಸತ್ತುಹೋಯಿತು. ತಟ್ಟೆಯಲ್ಲಿ ಬಡಿಸಿದ್ದು ಒಂದು ಹಿಡಿ. ಕಾಫಿಯ ಸಿಹಿತಿನಿಸು ತಿರಾಮಿಸು ಮಾತ್ರ ಅದ್ಭುತ. ಹೀಗೆ ಹೇಳಿದವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ, ತಿಂದದ್ದನ್ನೇ ಹೇಳುತ್ತಿದ್ದರು. ಆದರೆ ಅಡುಗೆಮನೆಯಲ್ಲಿ ಏನಾಗಿ ಹೀಗಾಯಿತು ಎಂಬುದು ತಿಳಿಯದೆ ಹೋಟೆಲು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ಬರುವುದಿಲ್ಲ. ಇಟಾಲಿಯನ್ ಅಡುಗೆ ಮಾಡಿ ಕೈ ಪಳಗಿದ ನಾವು ಕೆಲವರು ಸೇರಿ, ಈ ಮಾತುಗಳನ್ನೇ ತಲೆಯಲ್ಲಿಟ್ಟುಕೊಂಡು ಹೋಗಿ ಕೂತೆವು. ಒಂದೊಂದು ದೂರಿಗೂ ಮೇಜಿನ ಮೇಲೆ ಸಿಕ್ಕ ಉತ್ತರ ಮುಂದಿದೆ.

ಮೊದಲು ಯಾವಾಗ ಹೋಗಬೇಕು ಎಂಬ ವಿಚಾರ. ತೆರೆದ ವಾರವೇ ಹೋದರೆ ಊಟ ತಡವಾಗುತ್ತದೆ, ಆರ್ಡರ್ ಅದಲುಬದಲಾಗುತ್ತದೆ, ಒಂದೇ ಮೇಜಿಗೆ ಒಬ್ಬರ ತಟ್ಟೆ ಬಂದು ಇನ್ನೊಬ್ಬರದು ಬರುವುದಿಲ್ಲ. ಅಡುಗೆಯವರು ಒಬ್ಬರಿಗೊಬ್ಬರು ಹೊಂದಿಕೊಳ್ಳುವವರೆಗೆ ಇದು ಎಲ್ಲ ಕಡೆ ಇರುವುದೇ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಆದರೆ ರುಚಿಯ ವಿಷಯ ಹಾಗಲ್ಲ. ಎಣ್ಣೆ ಕಮಟಾಗಿದ್ದರೆ, ಚೀಸ್ ಕಳಪೆಯಾಗಿದ್ದರೆ, ಸಾಸ್ ಡಬ್ಬಿಯಿಂದ ನೇರ ಬಂದಿದ್ದರೆ ಅದು ಮಾಲೀಕರು ಯೋಚಿಸಿಯೇ ಮಾಡಿದ ಉಳಿತಾಯ, ತಾನಾಗಿ ಸರಿಹೋಗುವುದಲ್ಲ. ನಾವು ಜನ ಕಡಿಮೆ ಇರುವ ವಾರದ ದಿನವೊಂದರಲ್ಲಿ ಮೊದಲು ಹೋದೆವು, ಆಮೇಲೆ ತುಂಬಿ ತುಳುಕುವ ಶನಿವಾರ ರಾತ್ರಿ. ಎರಡೂ ಬೇಕು. ಖಾಲಿ ಹೊತ್ತಿನಲ್ಲಿ ಅಡುಗೆಯವರಿಗೆ ಏನು ಗೊತ್ತು ಎಂದು ತಿಳಿಯುತ್ತದೆ, ಒತ್ತಡದಲ್ಲಿ ಏನು ಕೈಬಿಡುತ್ತಾರೆ ಎಂದು ತಿಳಿಯುತ್ತದೆ.

ಮೆನು ಕೈಗೆ ಬಂದ ಕೂಡಲೇ ತಿನಿಸುಗಳನ್ನಲ್ಲ, ಅದರ ಉದ್ದವನ್ನು ನೋಡಿದೆವು. ಸಣ್ಣ ಅಡುಗೆಮನೆಯಿಂದ ಅರವತ್ತು ಬಗೆ ಬರುತ್ತಿದೆ ಎಂದರೆ ಮುಕ್ಕಾಲು ಪಾಲು ಮೊದಲೇ ಮಾಡಿ ಫ್ರಿಜ್‌ನಲ್ಲಿಟ್ಟದ್ದು. ಇಲ್ಲಿ ಎರಡು ಪುಟವಷ್ಟೇ ಇತ್ತು, ಒಳ್ಳೆಯ ಲಕ್ಷಣ. ಆರ್ಡರ್ ಮಾಡುವಾಗ ಅತಿ ಸರಳವಾದದ್ದನ್ನೇ ಆರಿಸಿದೆವು: ಮಾರ್ಗರೀಟಾ ಪಿಜ್ಜಾ, ಟೊಮೆಟೊ ಸಾಸಿನ ಸ್ಪಾಗೆಟ್ಟಿ, ಕಾಚೊ ಎ ಪೆಪೆ (ಪೆಕೊರಿನೊ ಚೀಸ್, ಕರಿಮೆಣಸಿನ ಪಾಸ್ತಾ), ಪಾಲಕ್ ಮತ್ತು ರಿಕೊಟ್ಟಾ ಎಂಬ ಮೆತ್ತನೆ ಚೀಸ್ ತುಂಬಿದ ಪಾಸ್ತಾ ರವಿಯೋಲಿ, ರಿಸೊಟ್ಟೊ, ತಿರಾಮಿಸು. ಟ್ರಫಲ್ ಎಣ್ಣೆ ಸುರಿದದ್ದನ್ನೋ ಕ್ರೀಮಿನಲ್ಲಿ ಮುಳುಗಿದ್ದನ್ನೋ ತಿಂದು ಅಡುಗೆಮನೆಯನ್ನು ಅಳೆಯಲಾಗದು. ಆ ಎರಡೂ ಎಂಥ ತಪ್ಪನ್ನಾದರೂ ಮುಚ್ಚಿಬಿಡುತ್ತವೆ.

ಬ್ರೆಡ್ಡಿನ ಜೊತೆ ಆಲಿವ್ ಎಣ್ಣೆ ಬಂತು. ಪಕ್ಕದ ಮೇಜಿನಲ್ಲಿ ಒಬ್ಬರು ಎಣ್ಣೆ ಕಹಿ, ಗಂಟಲು ಉರಿಯುತ್ತದೆ ಎಂದು ಮುಖ ಸಿಂಡರಿಸಿದರು. ನಿಜವಾಗಿ ಅದು ಎಣ್ಣೆಯ ಒಳ್ಳೆಯ ಗುಣ. ತಾಜಾ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿರುವ ಓಲಿಯೊಕ್ಯಾಂಥಾಲ್ ಎಂಬ ಅಂಶ ಗಂಟಲ ಹಿಂಭಾಗದಲ್ಲಿ ಖಾರವೆಬ್ಬಿಸುತ್ತದೆ, ಕೆಲವರಿಗೆ ಕೆಮ್ಮೇ ಬರುತ್ತದೆ. ಅಂಜಬೇಕಾದದ್ದು ಹಳೆಯ ಬೀಜಗಳ ಕಮಟು ವಾಸನೆಗೆ, ಮಕ್ಕಳ ಕ್ರೆಯಾನಿನಂಥ ವಾಸನೆಗೆ. ಮೇಜಿನ ಮೇಲೆ ಪಾರದರ್ಶಕ ಬಾಟಲಿಯಲ್ಲಿ ದಿನಗಟ್ಟಲೆ ಬೆಳಕಿಗೆ ಇಟ್ಟ ಎಣ್ಣೆ ಹೀಗಾಗುತ್ತದೆ. ಇಲ್ಲಿ ಎಣ್ಣೆಯನ್ನು ಕೇಳಿದಾಗ ಕೇಳಿದಷ್ಟೇ ಒಳಗಿನಿಂದ ತಂದು ಕೊಡುತ್ತಿದ್ದರು. ಅದೊಂದರಿಂದಲೇ ನಮಗೆ ಈ ಜಾಗದ ಮೇಲೆ ಸ್ವಲ್ಪ ಭರವಸೆ ಹುಟ್ಟಿತು.

ಈಗ ಪಾಸ್ತಾ. ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡಿದ್ದೂ ಇದೇ, ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ಸ್ಪಾಗೆಟ್ಟಿಯ ಒಂದು ಎಳೆಯನ್ನು ಹಲ್ಲಿನಿಂದ ಕಡಿದು ಕಡಿದ ತುದಿಯನ್ನು ನೋಡಿದೆವು. ನಟ್ಟನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇತ್ತು, ಸುತ್ತ ಎಲ್ಲ ಒಂದೇ ಸಮ ಹಳದಿ. ಇದೇ ಅಲ್ ದೆಂತೆ, ಅಂದರೆ ಹಲ್ಲಿಗೆ ಸಿಗುವ ಹದ. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ ಒಣ ಪಾಸ್ತಾಕ್ಕೆ ಈ ಹದವೇ ಸರಿ, ಕಡಿದಾಗ ಸಣ್ಣಗೆ ಎದುರು ನಿಲ್ಲಬೇಕು. ಬಿಳಿ ಚುಕ್ಕೆ ದಪ್ಪಗಿದ್ದು, ಅಗಿದಾಗ ಸುಣ್ಣದ ಹಾಗೆ ಹಲ್ಲಿಗೆ ಅಂಟಿದರೆ ಆಗ ಅದು ಬೆಂದಿಲ್ಲ. ಇನ್ನೊಂದು ಕೆಟ್ಟ ಸ್ಥಿತಿಯಿದೆ: ಹೊರಗೆ ಲೊಳಲೊಳ, ಒಳಗೆ ಹಸಿ. ನೀರು ಕಡಿಮೆಯಿದ್ದು ಪಾಸ್ತಾ ಹಾಕಿದೊಡನೆ ಕುದಿ ನಿಂತುಹೋದರೆ, ಅಥವಾ ಅರ್ಧ ಬೇಯಿಸಿ ಎಣ್ಣೆ ಸವರಿ ಫ್ರಿಜ್‌ನಲ್ಲಿಟ್ಟದ್ದನ್ನು ಬಿಸಿನೀರಲ್ಲಿ ಅದ್ದಿ ತೆಗೆದರೆ ಹೀಗಾಗುತ್ತದೆ. ಸ್ಪಾಗೆಟ್ಟಿಯ ಮಟ್ಟಿಗೆ ನೆರೆಯವರ ದೂರು ಸರಿಯಿರಲಿಲ್ಲ.

ಅರ್ಧ ಬೇಯಿಸಿಟ್ಟ ಪಾಸ್ತಾವನ್ನು ಕಂಡುಹಿಡಿಯಲು ತಟ್ಟೆಯೇ ಸಾಕು. ಎಳೆಗಳನ್ನು ಫೋರ್ಕಿನಿಂದ ಪಕ್ಕಕ್ಕೆ ಸರಿಸಿ ತಳ ನೋಡಬೇಕು. ಕೆಂಪು ನೀರು ಪ್ರತ್ಯೇಕವಾಗಿ ನಿಂತು, ಪಾಸ್ತಾ ಬೋಳುಬೋಳಾಗಿ ಹೊಳೆಯುತ್ತಿದ್ದರೆ ಎಣ್ಣೆ ಸವರಿದ ಎಳೆಗೆ ಸಾಸ್ ಹಿಡಿದಿಲ್ಲ ಎಂದರ್ಥ. ಸರಿಯಾದ ಕ್ರಮದಲ್ಲಿ ಪಾಸ್ತಾವನ್ನು ಒಂದೆರಡು ನಿಮಿಷ ಮುಂಚೆಯೇ ನೀರಿನಿಂದ ತೆಗೆದು, ಸಾಸ್ ಇರುವ ಬಾಣಲೆಗೆ ಹಾಕಿ, ಬೇಯಿಸಿದ ನೀರನ್ನೇ ಒಂದು ಸೌಟು ಸೇರಿಸಿ, ಅಲ್ಲೇ ಕುಲುಕಿ ಕುಲುಕಿ ಬೇಯಿಸಿ ಮುಗಿಸುತ್ತಾರೆ. ಆ ನೀರಿನಲ್ಲಿರುವ ಗಂಜಿ, ಅಂದರೆ ಪಾಸ್ತಾ ಬಿಟ್ಟ ಪಿಷ್ಟ, ಎಣ್ಣೆಯನ್ನೂ ಟೊಮೆಟೊ ರಸವನ್ನೂ ಕೂಡಿಸಿ ಹಿಡಿಯುತ್ತದೆ. ತಿಂದು ಮುಗಿದ ಮೇಲೆ ತಟ್ಟೆಯಲ್ಲಿ ತೆಳು ಕೆಂಪು ಲೇಪವಷ್ಟೇ ಉಳಿಯಬೇಕು. ನಮ್ಮ ತಟ್ಟೆಯಲ್ಲಿ ಹಾಗೇ ಉಳಿದಿತ್ತು.

ಆದರೆ ಉಪ್ಪು ಕಡಿಮೆ. ಸಾಸನ್ನು ಮಾತ್ರ ನೆಕ್ಕಿದರೆ ರುಚಿಯಾಗಿತ್ತು, ಪಾಸ್ತಾ ಒಂದನ್ನೇ ತಿಂದರೆ ಸಪ್ಪೆ. ಇದು ನೀರಿಗೆ ಉಪ್ಪು ಹಾಕುವುದರಲ್ಲಿ ಆದ ಎಡವಟ್ಟು. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, ಆ ಲೀಟರಿಗೆ 10 ಗ್ರಾಂ ಉಪ್ಪು ಎಂಬುದು ಇಟಲಿಯಲ್ಲಿ ಬಳಕೆಯಲ್ಲಿರುವ ಅಳತೆ, ಪೆಕೊರಿನೊದಂಥ ಉಪ್ಪಿನ ಚೀಸ್ ಬೀಳುವುದಾದರೆ ಸ್ವಲ್ಪ ಕಡಿಮೆ. ರೆಸ್ಟೋರೆಂಟಿನ ಪಾಸ್ತಾ ಕುಕ್ಕರಿಗೆ, ಅಂದರೆ ಪಾಸ್ತಾ ಬೇಯಿಸುವ ದೊಡ್ಡ ಪಾತ್ರೆಗೆ, ದಿನವಿಡೀ ಹೊಸ ನೀರು ಸೇರುತ್ತಲೇ ಇರುತ್ತದೆ, ಉಪ್ಪು ಮಾತ್ರ ಯಾರಾದರೂ ನೆನಪಿಟ್ಟು ಹಾಕಬೇಕು. ಆಮೇಲೆ ಮೇಲಿನಿಂದ ಉದುರಿಸಿದ ಉಪ್ಪು ಸಾಸನ್ನು ಉಪ್ಪಾಗಿಸುತ್ತದೆಯೇ ಹೊರತು ಪಾಸ್ತಾದ ಒಳಗೆ ಇಳಿಯುವುದಿಲ್ಲ. ಹಾಗಾಗಿ ಇಂಥ ತಟ್ಟೆಗೆ ಮೇಜಿನ ಮೇಲೆ ಮದ್ದಿಲ್ಲ. ವೇಟರಿಗೆ ಹೇಳಿ, ಅವರು ನೀರಿನ ಉಪ್ಪು ನೋಡಿಕೊಳ್ಳುವಂತೆ ಮಾಡಬೇಕು ಅಷ್ಟೇ.

ಕಾಚೊ ಎ ಪೆಪೆ ತಿಂದಾಗ ಇನ್ನೊಂದು ವಿಷಯ ಕಂಡಿತು. ಸಂಜೆ ಬಾಗಿಲು ತೆರೆದ ಕೂಡಲೇ ಆರ್ಡರ್ ಮಾಡಿದಾಗ ಚೀಸ್ ಗಂಟು ಗಂಟಾಗಿ, ತಟ್ಟೆಯಂಚಿಗೆ ನೀರು ಬಿಟ್ಟುಕೊಂಡು ಬಂತು. ಶನಿವಾರ ರಾತ್ರಿ ಹೊತ್ತೇರಿದ ಮೇಲೆ ಅದೇ ಅಡುಗೆಮನೆಯಿಂದ ರೇಷ್ಮೆಯಂತೆ ನುಣುಪಾಗಿ ಬಂತು. ಪೆಕೊರಿನೊ ಸುಮಾರು 65 ಡಿಗ್ರಿ ದಾಟಿದರೆ ಅದರ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಇದನ್ನು ತಡೆಯುವುದು ನೀರಿನಲ್ಲಿರುವ ಗಂಜಿ. ಚೀಸಿನ ತೂಕದ ಶೇಕಡಾ 2ರಿಂದ 3ರಷ್ಟು ಗಂಜಿ ಇದ್ದರೆ ಸಾಸ್ ಒಡೆಯುವುದಿಲ್ಲ ಎಂದು ಭೌತವಿಜ್ಞಾನಿಗಳು 2025ರಲ್ಲಿ ಅಳೆದೇ ತೋರಿಸಿದ್ದಾರೆ. ಸಂಜೆ ಆರಂಭದಲ್ಲಿ ಕುಕ್ಕರಿನ ನೀರು ತಿಳಿಯಾಗಿರುತ್ತದೆ, ರಾತ್ರಿಯಾಗುವಷ್ಟರಲ್ಲಿ ಹತ್ತಾರು ಪಾಸ್ತಾ ಬೆಂದು ಮಡ್ಡಿಯಾಗಿರುತ್ತದೆ. ಅನುಭವಿ ಅಡುಗೆಯವರು ಬೆಳಗಿನಲ್ಲೇ ಒಂದಿಷ್ಟು ಗಂಜಿ ಕಲಸಿ ಎತ್ತಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಮೊದಲ ಗಿರಾಕಿಗಳ ಪಾಲಿಗೆ ಗಂಟುಗಳೇ. ಬೇಗ ಹೋಗಿ ತಿಂದವರೂ ತಡವಾಗಿ ಹೋಗಿ ತಿಂದವರೂ ಇದೇ ತಿನಿಸಿನ ಬಗ್ಗೆ ಜಗಳಕ್ಕೆ ನಿಂತಿದ್ದು ಏಕೆ ಎಂಬುದು ಇದರಿಂದ ಅರ್ಥವಾಯಿತು. ಇಬ್ಬರದೂ ನಿಜ.

ಬೆಂದಿರಲಿಲ್ಲ ಎಂಬ ದೂರು ನೂರಕ್ಕೆ ನೂರು ಸರಿಯಾಗಿದ್ದು ರವಿಯೋಲಿಯ ವಿಷಯದಲ್ಲಿ. ನಡುವೆ ಮೆತ್ತಗೆ, ಅಂಚು ಗಟ್ಟಿ. ರವಿಯೋಲಿಯ ಅಂಚಿನಲ್ಲಿ ಎರಡು ಪದರ ಹಿಟ್ಟು ಒಂದರ ಮೇಲೊಂದು ಕೂತಿರುತ್ತದೆ. ಹಾಳೆಯನ್ನು ಸಾಕಷ್ಟು ತೆಳ್ಳಗೆ ಲಟ್ಟಿಸದಿದ್ದರೆ, ಅಂಚನ್ನು ಬೆರಳಿನಿಂದ ಒತ್ತಿ ತೆಳುವಾಗಿಸದಿದ್ದರೆ, ನಡುಭಾಗ ಬೆಂದಾಗಲೂ ಅಂಚು ಹಸಿಯಾಗೇ ಉಳಿಯುತ್ತದೆ. ಇನ್ನಷ್ಟು ಬೇಯಿಸಿದರೆ ಒಡೆದು ಒಳಗಿನ ರಿಕೊಟ್ಟಾ ನೀರುಪಾಲು. ಮೊಟ್ಟೆ ಹಾಕಿ ನಾದಿದ ತಾಜಾ ಪಾಸ್ತಾಕ್ಕೆ, ಅಂದರೆ 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ ಲೆಕ್ಕದ್ದಕ್ಕೆ, ಒಣ ಪಾಸ್ತಾದ ಬಿಳಿ ಚುಕ್ಕೆ ಇರಲೇಬಾರದು. ಅದು ಮೆತ್ತಗೇ ಇರಬೇಕು. ಅಲ್ ದೆಂತೆ ಸಾರ್, ಹೀಗೇ ಇರೋದು ಎಂದು ವೇಟರು ರವಿಯೋಲಿಯನ್ನು ಸಮರ್ಥಿಸಿಕೊಂಡರೆ ಒಪ್ಪಬೇಕಾಗಿಲ್ಲ.

ಪಿಜ್ಜಾ ಬಂದಾಗ ಮೇಲಿನ ಚೆಲುವಿಗೆ ಮರುಳಾಗದೆ ಚೂರೊಂದನ್ನು ಎತ್ತಿ ತಳ ನೋಡಿದೆವು. ಕಂದು ನೆಲದ ಮೇಲೆ ಬಿಡಿಬಿಡಿಯಾಗಿ ಕಪ್ಪು ಮಚ್ಚೆಗಳು. ಇದನ್ನು ಸೀದದ್ದು ಎನ್ನಲಾಗದು. ನೇಪಲ್ಸ್ ಶೈಲಿಯ ಪಿಜ್ಜಾ 430ರಿಂದ 480 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ, ಅಷ್ಟು ಬಿಸಿಯಲ್ಲಿ ಹಿಟ್ಟಿನ ಸಣ್ಣ ಗುಳ್ಳೆಗಳ ತುದಿ ಕಪ್ಪಾಗಲೇಬೇಕು. 1984ರಲ್ಲಿ ನೇಪಲ್ಸಿನಲ್ಲಿ ಹುಟ್ಟಿದ ಅಲ್ಲಿನ ಪಿಜ್ಜಾ ಸಂಘದ ನಿಯಮಗಳೂ ಇದನ್ನೇ ಹೇಳುತ್ತವೆ: ಉಬ್ಬಿದ ಅಂಚು, ಮೆತ್ತನೆ ನಡುಭಾಗ, ನಾಲ್ಕಾಗಿ ಮಡಚಿದರೂ ಮುರಿಯದ ಹಾಳೆ. ಗರಿಗರಿ ತಳ ಬೇಕೆನ್ನುವವರು ರೋಮ್ ಶೈಲಿಯ ತೆಳು ಪಿಜ್ಜಾ ಇದೆಯೇ ಎಂದು ಕೇಳಬೇಕು, ನೇಪಲ್ಸಿನದರಲ್ಲಿ ಅದನ್ನು ಹುಡುಕಬಾರದು.

ಹಾಗೆಂದು ದೂರಿದವರದ್ದೆಲ್ಲ ತಪ್ಪೂ ಅಲ್ಲ. ಶನಿವಾರ ಬಂದ ಪಿಜ್ಜಾದ ತಳದಲ್ಲಿ ಮಚ್ಚೆಗಳ ಜಾಗದಲ್ಲಿ ಮಸಿ ಬಳಿದಂತೆ ಒಂದೇ ಪದರ ಇತ್ತು, ಬೆರಳಿಗೆ ಹತ್ತಿತು, ನಾಲಿಗೆಗೆ ಕಹಿ. ಹಿಟ್ಟು ಅಂಟದಿರಲೆಂದು ಕಲ್ಲಿನ ಮೇಲೆ ಚೆಲ್ಲಿದ ಒಣ ಹಿಟ್ಟನ್ನು ಕೊಡವದೆ ಒಲೆಗೆ ತಳ್ಳಿದರೆ ಆ ಹಿಟ್ಟೇ ಸುಟ್ಟು ಹೀಗಾಗುತ್ತದೆ. ಹಿಂದಿನ ಪಿಜ್ಜಾಗಳಿಂದ ಒಲೆಯ ನೆಲದ ಮೇಲೆ ಉಳಿದ ಪುಡಿಯನ್ನು ಗುಡಿಸದಿದ್ದರೂ ಅಷ್ಟೇ. ಗಡಿಬಿಡಿಯಲ್ಲಿ ಮೊದಲು ಕೈಬಿಡುವ ಕೆಲಸ ಇದು. ಅದೇ ಗಡಿಬಿಡಿಯಲ್ಲಿ ಇದರ ತದ್ವಿರುದ್ಧವೂ ಆಗುತ್ತದೆ: ಒಂದರ ಹಿಂದೊಂದು ಪಿಜ್ಜಾ ಒಂದೇ ಜಾಗಕ್ಕೆ ಬಿದ್ದು ನೆಲದ ಕಲ್ಲು ತಣ್ಣಗಾಗುತ್ತದೆ, ಮೇಲೆ ಬೆಂದರೂ ತಳ ಬಿಳಿಚಿಕೊಂಡಿರುತ್ತದೆ. ಎರಡು ಪಿಜ್ಜಾಗಳ ನಡುವೆ ಕಲ್ಲು ಮತ್ತೆ ಕಾಯಲು ಬಿಡಬೇಕು, ಇಲ್ಲವೇ ಜಾಗ ಬದಲಿಸಬೇಕು.

ನಡುಭಾಗ ಹಸಿ ಎಂಬ ಮಾತಿನಲ್ಲೂ ಎರಡು ಬಗೆ. ಮೇಲೆ ನೀರು ನಿಂತಿದ್ದರೆ ಮೊಝರೆಲ್ಲಾ ಚೀಸಿನ ನೀರನ್ನು ಸೋಸಿಲ್ಲ. ಎಮ್ಮೆ ಹಾಲಿನ ಮೊಝರೆಲ್ಲಾದಲ್ಲಂತೂ ನೀರು ಹೆಚ್ಚು, ಕತ್ತರಿಸಿ ಕೆಲವು ಗಂಟೆ ಜಾಲರಿಯಲ್ಲಿ ಇಡದೆ ಬಳಸಿದರೆ ಪಿಜ್ಜಾ ಕೆರೆಯಾಗುತ್ತದೆ. ಚೂರನ್ನು ಅಡ್ಡಕ್ಕೆ ಕೊಯ್ದು ನೋಡಿದಾಗ ಸಾಸಿನ ಕೆಳಗೆ ಅಂಟಂಟಾದ ಬೂದು ಬಿಳಿ ಪಟ್ಟಿ ಕಂಡರೆ ಅದು ಹಿಟ್ಟಿನ ತಪ್ಪು. ಫ್ರಿಜ್‌ನಿಂದ ತೆಗೆದ ಉಂಡೆಯನ್ನು ಕೋಣೆಯ ಬಿಸಿಗೆ ಬರಲು ಬಿಡದೆ ಹಿಗ್ಗಿಸಿದ್ದಾರೆ, ಅಥವಾ ಹುದುಗು ಇನ್ನೂ ಏರಿರಲಿಲ್ಲ. ನಮಗೆ ಕಂಡದ್ದು ಮೊದಲನೆಯದು, ಬರೀ ನೀರು. ಇದು ಬೇಗ ಸರಿಮಾಡಬಹುದಾದ ತಪ್ಪು. ಪಟ್ಟಿ ಕಂಡಿದ್ದರೆ ನಮ್ಮ ಅಭಿಪ್ರಾಯ ಬೇರೆಯಾಗುತ್ತಿತ್ತು.

ರಿಸೊಟ್ಟೊ ತಡವಾಯಿತು ಎಂಬ ದೂರನ್ನು ನಾವು ಹೊಗಳಿಕೆಯೆಂದೇ ತೆಗೆದುಕೊಂಡೆವು. ಕಾರ್ನರೊಲಿ ಅಕ್ಕಿ ಬೇಯಲು 16ರಿಂದ 18 ನಿಮಿಷ ಬೇಕು. ಅದಕ್ಕೆ ಮುಂಚೆ ಬಾಡಿಸುವುದು, ಆಮೇಲೆ ಬೆಣ್ಣೆ ಚೀಸ್ ಹಾಕಿ ಕೂಡಿಸುವುದು ಸೇರಿದರೆ ಇಪ್ಪತ್ತು ದಾಟುತ್ತದೆ. ಏಳೆಂಟು ನಿಮಿಷಕ್ಕೇ ಮೇಜಿಗೆ ಬಂದ ರಿಸೊಟ್ಟೊ ಮುಕ್ಕಾಲು ಬೇಯಿಸಿ ತಟ್ಟೆಯಲ್ಲಿ ಹರವಿ ತಣ್ಣಗಾಗಿಸಿಟ್ಟದ್ದು. ಹಾಗೆ ಮಾಡುವ ಒಳ್ಳೆಯ ಅಡುಗೆಮನೆಗಳೂ ಇವೆ, ಆದರೆ ಅಕ್ಕಿಯ ಕೆನೆತನ ಸ್ವಲ್ಪವಾದರೂ ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಕ್ರೀಮ್ ಸುರಿಯುವ ಆಸೆ ಹುಟ್ಟುತ್ತದೆ. ಪರೀಕ್ಷೆ ಸುಲಭ: ತಟ್ಟೆಯನ್ನು ಸ್ವಲ್ಪ ಓರೆ ಮಾಡಿದರೆ ರಿಸೊಟ್ಟೊ ಅಲೆಯಂತೆ ನಿಧಾನಕ್ಕೆ ಜಾರಬೇಕು. ಗುಡ್ಡೆಯಾಗಿ ನಿಂತರೆ ಹೊತ್ತು ಮೀರಿದೆ. ಅಕ್ಕಿ ಒಂದು ಕಡೆ, ನೀರು ಒಂದು ಕಡೆಯಾದರೆ ಒಲೆಯಿಂದ ಇಳಿಸಿದ ಮೇಲೆ ತಣ್ಣನೆ ಬೆಣ್ಣೆ ಹಾಕಿ ಜೋರಾಗಿ ಕಲಕುವ ಕೆಲಸ ಆಗಿಲ್ಲ. ಇಲ್ಲಿ ಜಾರಿತು, ಅಕ್ಕಿಕಾಳು ಬಿಡಿಬಿಡಿಯಾಗಿ ಹಲ್ಲಿಗೆ ಸಿಕ್ಕಿತು. ಹೊಸ ಜಾಗವೊಂದು ಇಷ್ಟು ತಾಳ್ಮೆಯಿಂದ ರಿಸೊಟ್ಟೊ ಮಾಡುತ್ತಿದೆ ಎಂದು ನಿಜಕ್ಕೂ ಸಂತೋಷವಾಯಿತು. ಮೆನುವಿನಲ್ಲಿ ಇಪ್ಪತ್ತೈದು ನಿಮಿಷ ಬೇಕು ಎಂದು ಒಂದು ಸಾಲು ಬರೆದಿದ್ದರೆ ಅರ್ಧ ದೂರು ಹುಟ್ಟುತ್ತಲೇ ಇರಲಿಲ್ಲ.

ಒಂದು ಹಿಡಿ ಬಡಿಸಿದರು ಎಂಬ ಮಾತಿಗೆ ಊಟದ ಕ್ರಮ ಕಾರಣ. ಇಟಲಿಯ ಕ್ರಮದಲ್ಲಿ ಪಾಸ್ತಾ, ರಿಸೊಟ್ಟೊ ಮೊದಲ ಸುತ್ತು. ಅದರ ಹಿಂದೆ ಮೀನೋ ಮಾಂಸವೋ ಬರುವ ಎರಡನೆಯ ಸುತ್ತು, ಪಕ್ಕಕ್ಕೆ ತರಕಾರಿ. ಹಾಗಾಗಿ ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಎಂಬುದು ಸರಿಯಾದ ಲೆಕ್ಕ. ಪಾಸ್ತಾ ಒಂದನ್ನೇ ಪೂರ್ತಿ ಊಟವೆಂದು ತಿಂದವರಿಗೆ ಅದು ಸಾಲುವುದಿಲ್ಲ. ಇಬ್ಬರು ಹೋದಾಗ ಒಂದು ಪಿಜ್ಜಾ, ಒಂದು ಪಾಸ್ತಾ, ಒಂದು ಸಲಾಡ್ ಹಂಚಿಕೊಂಡರೆ ಹೊಟ್ಟೆ ತುಂಬುತ್ತದೆ. ಹಂಚಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿ ಒಂದೊಂದಾಗಿ ತರಿಸಬೇಕು. ಎಲ್ಲ ಒಟ್ಟಿಗೆ ಬಂದರೆ ಪಾಸ್ತಾ ಸಾಸ್ ಹೀರಿ ಬಿಗಿದುಕೊಳ್ಳುತ್ತದೆ.

ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆಯೊಂದಿದೆ, ಮೆನುವಿನ ಹಸಿರು ಗುರುತು ನೋಡಿ ಸುಮ್ಮನಾಗಬಾರದು. ಪಾರ್ಮಿಜಾನೊ ರೆಜ್ಜಾನೊ ಮತ್ತು ಗ್ರಾನಾ ಪದಾನೊ ಎಂಬ ಗಟ್ಟಿ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಎಂಬ ಅಂಶ, ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್ ಬಳಸುತ್ತಾರೆ. ಸಸ್ಯಜನ್ಯ ಅಥವಾ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ಟಿನ ಗಟ್ಟಿ ಚೀಸ್ ಇದೆಯೇ ಎಂದು ಕೇಳಿದೆವು. ವೇಟರಿಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ಚೀಸಿನ ಪೊಟ್ಟಣವನ್ನೇ ತಂದು ತೋರಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದೆ ಪೊಟ್ಟಣ ತಂದದ್ದು ದೊಡ್ಡ ವಿಷಯ.

ಎಲ್ಲರೂ ಬಾಯಿ ತುಂಬ ಹೊಗಳಿದ ತಿರಾಮಿಸುವೇ ನಮ್ಮ ಲೆಕ್ಕದಲ್ಲಿ ಈ ಮೆನುವಿನ ದುರ್ಬಲ ತಿನಿಸು. ಚೌಕಾಕಾರದಲ್ಲಿ ಚೂಪು ಮೂಲೆಗಳೊಂದಿಗೆ ನಿಂತಿತ್ತು, ಚಮಚ ಇಳಿಸಿದರೆ ರಬ್ಬರಿನಂತೆ ಹಿಂದಕ್ಕೆ ಚಿಮ್ಮಿತು. ಮಸ್ಕರ್ಪೋನೆ ಎಂಬ ಕೆನೆಚೀಸಿನಲ್ಲಿ ಮೊಟ್ಟೆ ಸಕ್ಕರೆ ಕಲಸಿದ ಕೆನೆ ಹಾಗೆ ನಿಲ್ಲುವುದಿಲ್ಲ, ನಿಧಾನಕ್ಕೆ ಕುಸಿಯುತ್ತದೆ. ಇದರಲ್ಲಿ ಜೆಲಟಿನ್ ಇರಬೇಕು, ಮಸ್ಕರ್ಪೋನೆಯ ಬಹುಪಾಲು ಜಾಗದಲ್ಲಿ ಸಿಹಿ ವಿಪ್ಪಿಂಗ್ ಕ್ರೀಮ್ ಇರಬೇಕು. ಕಾಫಿಯ ಕಹಿ ಎಲ್ಲೂ ಇರಲಿಲ್ಲ. ಸವೊಯಾರ್ಡಿ ಬಿಸ್ಕತ್ತು ನಡುವೆ ಒಣಗೇ ಇತ್ತು. ಅದನ್ನು ಕಾಫಿಯಲ್ಲಿ ಒಂದೆರಡು ಸೆಕೆಂಡು ಅದ್ದಿ, ಜೋಡಿಸಿದ ಮೇಲೆ ಕೆಲವು ಗಂಟೆ ಫ್ರಿಜ್‌ನಲ್ಲಿಟ್ಟರೆ ಮಾತ್ರ ತೇವ ಒಳಗಿನವರೆಗೆ ಇಳಿಯುತ್ತದೆ. ಸಿಹಿ ಜಾಸ್ತಿಯಿದ್ದರೆ ಬಹಳ ಜನಕ್ಕೆ ಇಷ್ಟವಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನೇ ಈ ಜಾಗದ ಹೆಗ್ಗಳಿಕೆ ಎಂದು ಹಬ್ಬಿಸಿದರೆ ರಿಸೊಟ್ಟೊ ಮಾಡುವ ಕೈಗೆ ಅನ್ಯಾಯ.

ತಪ್ಪು ಕಂಡಾಗ ಹೇಳುವ ಕ್ರಮವೂ ಇದೆ. ಎರಡು ತುತ್ತಿಗೇ ಹೇಳಬೇಕು, ತಟ್ಟೆ ಅರ್ಧ ಖಾಲಿಯಾದ ಮೇಲೆ ಹೇಳಿದರೆ ಅಡುಗೆಯವರಿಗೆ ನೋಡಲು ಏನೂ ಉಳಿದಿರುವುದಿಲ್ಲ. ಚೆನ್ನಾಗಿಲ್ಲ ಎನ್ನುವ ಬದಲು ರವಿಯೋಲಿಯ ಅಂಚು ಹಸಿ, ನಡುಭಾಗ ಬೆಂದಿದೆ ಎಂದು ಹೇಳಿದೆವು. ಅಡುಗೆಯವರು ಹೊರಗೆ ಬಂದು, ಕೊಯ್ದ ತುಂಡನ್ನು ನೋಡಿ, ಏನೂ ವಾದಿಸದೆ ತಟ್ಟೆ ತೆಗೆದುಕೊಂಡು ಹೋದರು. ನೆರೆಹೊರೆಯವರಿಗೆ ಹೇಳುವಾಗಲೂ ಯಾವ ತಿನಿಸು, ಯಾವ ವಾರ, ಎಷ್ಟು ಹೊತ್ತಿಗೆ ತಿಂದದ್ದು ಎಂಬುದನ್ನು ಸೇರಿಸಿ ಹೇಳಿದರೆ ಕೇಳಿದವರಿಗೆ ಉಪಯೋಗ. ಸದ್ಯಕ್ಕೆ ನಮ್ಮ ಮಾತು ಇಷ್ಟು: ರಿಸೊಟ್ಟೊಗೆ ಧೈರ್ಯವಾಗಿ ಹೋಗಿ, ಕಾಚೊ ಎ ಪೆಪೆಯನ್ನು ರಾತ್ರಿ ಹೊತ್ತೇರಿದ ಮೇಲೆ ತರಿಸಿಕೊಳ್ಳಿ, ಪಿಜ್ಜಾಕ್ಕೆ ವಾರದ ದಿನ ಸರಿ, ರವಿಯೋಲಿಯನ್ನು ಈಗಲೇ ಬೇಡ. ಮುಂದಿನ ತಿಂಗಳು ಮತ್ತೆ ಹೋದಾಗ ಮೊದಲು ನೋಡುವುದು ಸ್ಪಾಗೆಟ್ಟಿಯ ಉಪ್ಪನ್ನು, ಆಮೇಲೆ ಶನಿವಾರದ ಪಿಜ್ಜಾದ ತಳವನ್ನು.